ಪೇಡ ಸಿಕ್ಕಿತು, ಮೈಸೂರು ಪಾಕ್ ಸಿಗಲಿಲ್ಲ

ರಾತ್ರಿ ಒಂಬತ್ತೂವರೆಗೆ ಫೋನು. "ಲೋ, ಧಾರವಾಡದ ಪೇಡ ಸಿಗ್ತಿದೆ, ಮೈಸೂರು ಪಾಕ್ ಮಾತ್ರ ಸಿಗ್ತಿಲ್ಲ ಕಣೋ."

ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯ. ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅವನಿಗೆ ಒಂದು ಹುಚ್ಚು ಹಿಡಿದಿತ್ತು: ಕರ್ನಾಟಕದ ಒಂದೊಂದು ಜಿಲ್ಲೆಯ ತಿಂಡಿಗಳ ಬಗ್ಗೆ ಕನ್ನಡದಲ್ಲೇ ಒಂದು ವೆಬ್‌ಸೈಟ್. ಬರಹ ಮಾತ್ರವಲ್ಲ, ಪುಟದ ವಿಳಾಸವೂ ಕನ್ನಡದಲ್ಲೇ ಇರಬೇಕು ಅನ್ನುವುದು ಅವನ ಹಟ. ತಿಂಗಳ ಬಾಡಿಗೆಗೆ ಪುಟ್ಟ ಸರ್ವರ್ ಒಂದನ್ನು ಹಿಡಿದು, ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಎಲ್ಲವನ್ನೂ ತಾನೇ ಕಟ್ಟಿದ್ದ. "ಜಿಲ್ಲೆ/ಧಾರವಾಡ" ಅಂದರೆ ಪೇಡದ ಪುಟ ತೆರೆಯುತ್ತಿತ್ತು. "ಜಿಲ್ಲೆ/ದಾವಣಗೆರೆ" ಅಂದರೆ ಬೆಣ್ಣೆದೋಸೆ. "ಜಿಲ್ಲೆ/ಬೆಳಗಾವಿ" ಅಂದರೆ ಗೋಕಾಕದ ಕರದಂಟು. "ಜಿಲ್ಲೆ/ಮೈಸೂರು" ಅಂದರೆ 404, ಪುಟವೇ ಇಲ್ಲ. ಮಂಡ್ಯ ಅಂದರೂ ಅದೇ ಉತ್ತರ, ಮದ್ದೂರು ವಡೆಯ ಸುಳಿವಿಲ್ಲ.

"ಪುಟ ಹಾಕೋದು ಮರ್ತಿರ್ತೀಯ" ಅಂದೆ. ಮರೆತಿರಲಿಲ್ಲ. ಎಲ್ಲ ಪುಟಗಳನ್ನು ತೋರಿಸುವುದು ಒಂದೇ ಪ್ರೋಗ್ರಾಮ್, ಎಲ್ಲವನ್ನೂ ಅದಕ್ಕೆ ತಲುಪಿಸುವುದು ಒಂದೇ ಸಾಲಿನ ನಿಯಮ. ಒಂದೇ ಸಾಲು, ಅರ್ಧ ರಾಜ್ಯಕ್ಕೆ ಕೆಲಸ ಮಾಡುತ್ತದೆ, ಇನ್ನರ್ಧಕ್ಕೆ ಮಾಡುವುದಿಲ್ಲ. ವಿಜಯನಗರ ತೆರೆಯುತ್ತದೆ, ವಿಜಯಪುರ ತೆರೆಯುವುದಿಲ್ಲ. ಬಳ್ಳಾರಿ ಉಂಟು, ಚಿಕ್ಕಬಳ್ಳಾಪುರ ಇಲ್ಲ. ಗದಗ ಉಂಟು, ಕೊಡಗು ಇಲ್ಲ.

ಈ ಅಧ್ಯಾಯ ಆ ಒಂದು ಸಾಲಿನ ಕಥೆ.

*

ವೆಬ್ ಹುಟ್ಟಿದ ಹೊಸದರಲ್ಲಿ ಪುಟದ ವಿಳಾಸ ಅಂದರೆ ಸರ್ವರ್‌ನ ಡಿಸ್ಕಿನಲ್ಲಿ ಆ ಕಡತ ಕೂತ ಜಾಗ, ಅಷ್ಟೇ. ವಿಳಾಸದಲ್ಲಿ ಓರೆಗೆರೆಯಿಂದ ಬೇರ್ಪಟ್ಟ ಹೆಸರುಗಳು ಒಂದರೊಳಗೊಂದು ಇರುವ ಫೋಲ್ಡರುಗಳು. ಆಮೇಲೆ ಪುಟಗಳನ್ನು ಡೇಟಾಬೇಸಿನಿಂದ ಆ ಕ್ಷಣಕ್ಕೆ ಹೆಣೆದು ಕೊಡುವ ಪ್ರೋಗ್ರಾಮುಗಳು ಬಂದವು. ವಿಳಾಸಗಳು ಪ್ರಶ್ನಾರ್ಥಕ ಚಿಹ್ನೆ, ಸಮ ಚಿಹ್ನೆ, ಸಂಖ್ಯೆಗಳ ಸಂತೆಯಾದವು. ಓದಲು ಆಗದು, ನೆನಪಿಡಲು ಆಗದು, ಪ್ರೋಗ್ರಾಮ್ ಬದಲಾದರೆ ಹಳೆಯ ಕೊಂಡಿಗಳೆಲ್ಲ ಸತ್ತವು. ಹೊರಗಿನ ಬೋರ್ಡು ಒಂದು, ಒಳಗಿನ ಕೋಣೆ ಇನ್ನೊಂದು ಇರಲಿ ಎಂಬ ಯೋಚನೆ ಆಗ ಬಂತು. ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿ ಅಪಾಚೆ ಸರ್ವರ್‌ಗಾಗಿ ಬರೆದ 'ಮಾಡ್‌ರೀರೈಟ್' ಎಂಬ ತುಣುಕು ಇದನ್ನೇ ಮಾಡುತ್ತಿತ್ತು. ಮರುವರ್ಷ ಅವರು ಅದನ್ನು ಅಪಾಚೆ ತಂಡಕ್ಕೇ ಕೊಟ್ಟುಬಿಟ್ಟರು. ಇಂದಿಗೂ ಲೆಕ್ಕವಿಲ್ಲದಷ್ಟು ಸೈಟುಗಳು ಅದರ ಮೇಲೆ ನಿಂತಿವೆ. ಅದನ್ನು ಬಳಸಿದವರು ಹೊಗಳುತ್ತಲೇ ಬೈಯುತ್ತಾರೆ. ಮಾಟಮಂತ್ರ ಅಂತ ಕರೆದವರೂ ಇದ್ದಾರೆ.

ವಿಳಾಸ ತಿದ್ದುವುದರಲ್ಲಿ ಎರಡು ಬಗೆ. ಯಾವುದಾದರೂ ಕಚೇರಿಗೆ ಅರ್ಜಿ ಹಿಡಿದು ಹೋಗಿದ್ದೀರಿ ಅನ್ನಿ. ಕಿಟಕಿಯಲ್ಲಿ ಕೂತವರು ಅರ್ಜಿಯನ್ನು ತೆಗೆದುಕೊಂಡು ತಾವೇ ಒಳಗಿನ ಸರಿಯಾದ ಟೇಬಲಿಗೆ ಮುಟ್ಟಿಸಿ, ಉತ್ತರವನ್ನು ಅದೇ ಕಿಟಕಿಯಲ್ಲಿ ಕೊಟ್ಟರೆ ಅದು ರೀರೈಟ್. ಒಳಗೆ ಎಲ್ಲಿಗೆ ಹೋಯಿತು ಅನ್ನುವುದು ನಿಮಗೆ ಗೊತ್ತಾಗುವುದೇ ಇಲ್ಲ. "ಇದು ಇಲ್ಲಿ ಅಲ್ರೀ, ಮೂರನೇ ಮಹಡಿಗೆ ಹೋಗಿ" ಅಂದರೆ ಅದು ರೀಡೈರೆಕ್ಟ್. ನೀವೇ ಮೆಟ್ಟಿಲು ಹತ್ತಬೇಕು, ಬ್ರೌಸರಿನ ವಿಳಾಸಪಟ್ಟಿಯೂ ಬದಲಾಗುತ್ತದೆ. ಗೆಳೆಯನ ಸೈಟಿನಲ್ಲಿ ಎರಡೂ ಇದ್ದವು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದದ್ದು ನೆನಪಿದೆಯಲ್ಲ. ಇನ್ನೂ ಗುಲ್ಬರ್ಗಾ, ಬಿಜಾಪುರ ಅಂತಲೇ ಟೈಪಿಸುವವರನ್ನು ಅವನು ಕಲಬುರಗಿಗೂ ವಿಜಯಪುರಕ್ಕೂ ರೀಡೈರೆಕ್ಟ್ ಮಾಡುತ್ತಿದ್ದ. ಮಿಕ್ಕಿದ್ದಕ್ಕೆಲ್ಲ ಈ ರೀರೈಟ್:

ರೀರೈಟ್‌ರೂಲ್ ^ಜಿಲ್ಲೆ/([ಅ-ಹ]+)$ ತೋರಿಸು.ಪಿಎಚ್‌ಪಿ?ಹೆಸರು=$1

(ಆಜ್ಞೆಯ ಹೆಸರನ್ನು ಸರ್ವರ್‌ಗೆ ರೋಮನ್ ಲಿಪಿಯಲ್ಲೇ ಕೊಡಬೇಕು. ಓದುವ ಅನುಕೂಲಕ್ಕೆ ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ.)

ಈ ಗೀಚುಬರಹದ ಚಿಹ್ನೆಗಳಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು. ಬಳಸುವವರ ಬಾಯಲ್ಲಿ ರೆಜೆಕ್ಸ್. ಇದರ ಮೂಲ ಮಾತ್ರ ಸ್ವಾರಸ್ಯ. 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬಿಬ್ಬರು ಮಿದುಳಿನ ನರಕೋಶಗಳನ್ನು ಗಣಿತಕ್ಕೆ ಇಳಿಸಿದರು. ಇಂಥ ನರಜಾಲ ಯಾವ ಯಾವ ಬಗೆಯ ಸಂಕೇತಗಳ ಸಾಲನ್ನು ಗುರುತಿಸಬಲ್ಲದು ಎಂದು 1951ರಲ್ಲಿ ಸ್ಟೀಫನ್ ಕ್ಲೇನಿ ಎಂಬ ತರ್ಕಶಾಸ್ತ್ರಜ್ಞ ಯೋಚಿಸತೊಡಗಿ, ಅದನ್ನು ಬರೆಯಲು ಒಂದು ಸಂಕೇತಪದ್ಧತಿಯನ್ನು ಮಾಡಿಕೊಂಡರು. ಕಾಗದದ ಮೇಲಿದ್ದ ಅದನ್ನು 1968ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಪಠ್ಯದಲ್ಲಿ ಹುಡುಕುವ ಪ್ರೋಗ್ರಾಮ್ ಆಗಿಸಿದರು. ಥಾಂಪ್ಸನ್ ಹೆಸರು ನೆನಪಿಟ್ಟುಕೊಂಡಿರಿ, ಈ ಕಥೆಯಲ್ಲಿ ಅವರು ಇನ್ನೊಮ್ಮೆ ಬರುತ್ತಾರೆ.

ಗೆಳೆಯನ ಸಾಲನ್ನು ಹೀಗೆ ಓದಬೇಕು. ^ ಅಂದರೆ ಇಲ್ಲಿಂದ ಶುರು, $ ಅಂದರೆ ಇಲ್ಲಿಗೆ ಕೊನೆ. ಚೌಕ ಕಂಸದೊಳಗೆ ಇರುವುದರಲ್ಲಿ ಯಾವುದಾದರೂ ಒಂದು. + ಅಂದರೆ ಅಂಥದ್ದು ಒಂದಾದರೂ ಇರಬೇಕು, ಎಷ್ಟು ಬೇಕಾದರೂ ಇರಬಹುದು. ದುಂಡು ಕಂಸ ಹಿಡಿದುಕೊಂಡದ್ದನ್ನು $1 ಮುಂದಕ್ಕೆ ದಾಟಿಸುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ "ಎ-ಝಡ್" ಅಂತಿದ್ದ ಕಡೆ ಅವನು "ಅ-ಹ" ಅಂತ ಬರೆದಿದ್ದ. ನಾವು ಶಾಲೆಯಲ್ಲಿ ಳ ಅಕ್ಷರವನ್ನು ಕೊನೆಗೆ ಕಲಿತೆವು, ಆದರೆ ಯುನಿಕೋಡ್ ಪಟ್ಟಿಯಲ್ಲಿ ಳ ಮೊದಲು ಬಂದು ಹ ಆಮೇಲೆ ಬರುತ್ತದೆ. ಅದನ್ನೂ ನೋಡಿಕೊಂಡೇ ಬರೆದಿದ್ದ. ನನಗೂ ಸಾಲಿನಲ್ಲಿ ತಪ್ಪು ಕಾಣಲಿಲ್ಲ.

ಈ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ನನಗೆ ಅಂಟಿದ ಅಭ್ಯಾಸವೆಂದರೆ, ಇಂಥ ಹೊತ್ತಿನಲ್ಲಿ ನಿಯಮವನ್ನು ಮತ್ತೆ ಓದುತ್ತ ಕೂರುವುದಿಲ್ಲ. ಬರೆದವನ ಕಣ್ಣಿಗೆ ತಾನು ಬರೆದದ್ದು ಯಾವಾಗಲೂ ಸರಿಯೇ. ನಾನು ಕೇಳುವುದು ಬೇರೆ ಪ್ರಶ್ನೆ: ನಿಯಮದ ಕಣ್ಣಿಗೆ ಬಿದ್ದದ್ದು ಏನು? ಬ್ರೌಸರಿನಲ್ಲಿ ನಾವು ನೋಡುವ ವಿಳಾಸವೇ ಬೇರೆ, ಆ ನಿಯಮದ ಎದುರಿಗೆ ಬಂದು ನಿಲ್ಲುವ ಅಕ್ಷರಗಳೇ ಬೇರೆ. ನಡುವೆ ಬಹಳ ಜನ ಕೈಯಾಡಿಸಿರುತ್ತಾರೆ.

*

ಮೊದಲ ಅನುಮಾನ: ನಿಯಮಕ್ಕೆ ಕಣ್ಣೇ ಇಲ್ಲದಿರಬಹುದು. ಅಪಾಚೆಯಲ್ಲಿ ನಿಯಮಗಳನ್ನು ಎರಡು ಕಡೆ ಬರೆಯಬಹುದು. ಸರ್ವರ್‌ನ ಮುಖ್ಯ ಕಡತದಲ್ಲಿ ಬರೆದರೆ ಸರ್ವರ್ ಶುರುವಾಗುವಾಗ ಒಮ್ಮೆ ಓದಿಕೊಳ್ಳುತ್ತದೆ. ಸೈಟಿನ ಫೋಲ್ಡರಿನಲ್ಲೇ 'ಡಾಟ್ ಎಚ್‌ಟಿಆಕ್ಸೆಸ್' ಎಂಬ ಕಡತದಲ್ಲಿ ಬರೆದರೆ ಪ್ರತಿ ಕೋರಿಕೆಗೂ ಮತ್ತೆ ಓದುತ್ತದೆ. ಎರಡನೆಯದು ಸುಲಭ, ಆದ್ದರಿಂದ ಎಲ್ಲರೂ ಅಲ್ಲೇ ಬರೆಯುತ್ತಾರೆ. ಆದರೆ ಅಪಾಚೆ 2.4ರಲ್ಲಿ ಈ ಕಡತಕ್ಕೆ ಬೆಲೆ ಕೊಡಬೇಡ ಎನ್ನುವುದೇ ಮೂಲ ಸ್ಥಿತಿ. ಅನುಮತಿ ಕೊಡದಿದ್ದರೆ ನೀವು ಅಲ್ಲಿ ಮಹಾಕಾವ್ಯವನ್ನೇ ಬರೆದರೂ ಸರ್ವರ್ ತಿರುಗಿ ನೋಡುವುದಿಲ್ಲ, ದೂರನ್ನೂ ಹೇಳುವುದಿಲ್ಲ. ಇದನ್ನು ಪರೀಕ್ಷಿಸಲು ಒಂದು ಒರಟು ಉಪಾಯವಿದೆ: ಕಡತದ ಮೊದಲ ಸಾಲಿನಲ್ಲಿ ಅರ್ಥವಿಲ್ಲದ ಏನನ್ನಾದರೂ ಬರೆದು ಪುಟ ತೆರೆಯಿರಿ. 500 ಎಂಬ ತಪ್ಪು ಬಂದರೆ ಸರ್ವರ್ ಓದುತ್ತಿದೆ ಎಂದು ಅರ್ಥ. ಏನೂ ಆಗದಿದ್ದರೆ ಓದುತ್ತಿಲ್ಲ. ಗೆಳೆಯ "ಬಿಸಿಬೇಳೆಬಾತ್" ಎಂದು ಬರೆದ. ಸರ್ವರ್ 500 ಎಂದು ಕೂಗಿಕೊಂಡಿತು. ಕಣ್ಣು ನೆಟ್ಟಗಿದೆ.

ಎರಡನೆಯದು ಓರೆಗೆರೆಯ ಕಾಟ. ಇಷ್ಟು ಸಣ್ಣ ಗೆರೆ ಇಷ್ಟು ಜನರ ನಿದ್ದೆ ಕೆಡಿಸಿದ್ದು ಬೇರೆಲ್ಲೂ ಇರಲಾರದು. ಮುಖ್ಯ ಕಡತದಲ್ಲಿರುವ ನಿಯಮಕ್ಕೆ "/ಜಿಲ್ಲೆ/ಹಾಸನ" ಎಂದು ಮೊದಲ ಗೆರೆ ಸಮೇತ ಕಾಣುತ್ತದೆ. ಅದೇ ನಿಯಮ ಫೋಲ್ಡರಿನ ಕಡತದಲ್ಲಿದ್ದರೆ, ಆ ಫೋಲ್ಡರಿನವರೆಗಿನ ದಾರಿಯನ್ನು ಸರ್ವರ್ ಮೊದಲೇ ಕತ್ತರಿಸಿರುತ್ತದೆ. ಕಾಣುವುದು "ಜಿಲ್ಲೆ/ಹಾಸನ" ಮಾತ್ರ. ಒಂದು ಕಡೆ ಚೆನ್ನಾಗಿ ಓಡುತ್ತಿದ್ದ ನಿಯಮವನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿದರೆ ಅದು ಸದ್ದಿಲ್ಲದೆ ಸತ್ತಿರುತ್ತದೆ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದ್ದೂ ಇಂಥದ್ದೇ ಕಥೆ. ಎರಡು ಕಡೆಯೂ ನಿಯಮಕ್ಕೆ ಅದು ಕಾಣುವುದೇ ಇಲ್ಲ. ಅದನ್ನು ನೋಡಲು 'ರೀರೈಟ್‌ಕಾಂಡ್' ಎಂಬ ಬೇರೆ ಷರತ್ತಿನ ಸಾಲು ಬೇಕು.

ಆ ಷರತ್ತಿನ ಸಾಲುಗಳಲ್ಲಿ ಮತ್ತೊಂದು ಮೋಸ. ನಾವು ಮೇಲಿನಿಂದ ಕೆಳಕ್ಕೆ ಓದುತ್ತೇವೆ: ಮೊದಲು ಷರತ್ತು, ಕೆಳಗೆ ನಿಯಮ. ಸರ್ವರ್ ಮೊದಲು ಕೆಳಗಿನ ನಿಯಮ ಹೊಂದುತ್ತದೆಯೇ ನೋಡಿ, ಹೊಂದಿದರೆ ಮಾತ್ರ ಮೇಲಕ್ಕೆ ಹತ್ತಿ ಷರತ್ತುಗಳನ್ನು ನೋಡುತ್ತದೆ. ಷರತ್ತುಗಳ ವ್ಯಾಪ್ತಿ ತಕ್ಷಣ ಕೆಳಗಿನ ಒಂದೇ ನಿಯಮಕ್ಕೆ. ನಡುವೆ ಇನ್ನೊಂದು ನಿಯಮ ತುರುಕಿದರೆ ಷರತ್ತು ಹೊಸಬನ ಪಾಲು, ಹಳಬ ಅನಾಥ.

ಗೆಳೆಯನ ನಿಯಮದಲ್ಲಿ ಇವು ಯಾವುವೂ ಇರಲಿಲ್ಲ. ಓರೆಗೆರೆಯೇ ಕಾರಣವಾಗಿದ್ದರೆ ಹಾಸನವೂ ತೆರೆಯಬಾರದಿತ್ತು.

ಈ ನಡುವೆ ಅವನು ಇನ್ನೊಂದು ಸುಳಿವು ಕೊಟ್ಟು ನನ್ನನ್ನು ಒಂದು ಗಂಟೆ ಅಡ್ಡದಾರಿಗೆ ಎಳೆದ. "ತುಮಕೂರು ಮಾತ್ರ ವಿಚಿತ್ರ ಕಣೋ. 404 ಬರಲ್ಲ, ಮುಖಪುಟಕ್ಕೆ ಹೋಗತ್ತೆ." ನಾನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ: 404. ಅವನು ಮತ್ತೆ ನೋಡಿದ: ಮುಖಪುಟ. ಒಂದೇ ಸರ್ವರ್, ಒಂದೇ ವಿಳಾಸ, ಇಬ್ಬರಿಗೆ ಎರಡು ಉತ್ತರ. ವಿಚಾರಿಸಿದಾಗ ಗೊತ್ತಾಯಿತು, ನಾಲ್ಕು ದಿನದ ಹಿಂದೆ ತುಮಕೂರನ್ನು ಮುಖಪುಟಕ್ಕೆ ಕಳಿಸುವ ಒಂದು ಪ್ರಯೋಗ ಮಾಡಿ, ಹತ್ತು ನಿಮಿಷದಲ್ಲಿ ಅಳಿಸಿಹಾಕಿದ್ದ. ಆದರೆ ಪ್ರಯೋಗದಲ್ಲಿ 301 ಎಂಬ ಸಂಖ್ಯೆ ಬಳಸಿದ್ದ. 301 ಅಂದರೆ "ಕಾಯಂ ಆಗಿ ಹೋಗಿದ್ದಾರೆ". ಬ್ರೌಸರ್ ಇದನ್ನು ನಂಬಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಸರ್ವರ್‌ನ ಬಾಗಿಲಿಗೂ ಬರದೆ ನೇರ ಹೊಸ ಜಾಗಕ್ಕೆ ಹೋಗುತ್ತದೆ. ಅವನು ನಾಲ್ಕು ದಿನದಿಂದ ಸರ್ವರ್ ಜೊತೆ ಮಾತಾಡುತ್ತಲೇ ಇರಲಿಲ್ಲ, ತನ್ನ ಬ್ರೌಸರಿನ ನೆನಪಿನ ಜೊತೆ ಮಾತಾಡುತ್ತಿದ್ದ. ಪ್ರಯೋಗ ಮಾಡುವಾಗ "ಸದ್ಯಕ್ಕೆ ಅಲ್ಲಿದ್ದಾರೆ" ಎನ್ನುವ 302 ಬಳಸಬೇಕು, ಎಲ್ಲ ಸರಿ ಅನ್ನಿಸಿದ ಮೇಲೆ 301ಕ್ಕೆ ಏರಿಸಬೇಕು. ಪರೀಕ್ಷೆಗೆ ಬ್ರೌಸರಿಗಿಂತ 'ಕರ್ಲ್' ಎಂಬ ಸಾಧನ ವಾಸಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಬೆಳೆಸಿಕೊಂಡು ಬಂದ ಈ ಪುಟ್ಟ ಪ್ರೋಗ್ರಾಮ್ ಯಾವ ರೀಡೈರೆಕ್ಟನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಸರ್ವರ್ ಈಗ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುತ್ತದೆ.

*

ಇಲ್ಲಿ ಗೆಳೆಯನನ್ನು ಸ್ವಲ್ಪ ಕಾಯಿಸಿ, ಸುತ್ತು ಹಾಕುವ ನಿಯಮಗಳ ಬಗ್ಗೆ ಹೇಳಬೇಕು. ಸರ್ವರ್ ನೋಡಿಕೊಳ್ಳುವವರನ್ನು ಅತಿ ಹೆಚ್ಚು ಕಾಡುವ ಕಾಯಿಲೆ ಅದು.

ಸೈಟನ್ನೆಲ್ಲ "ಹೊಸ" ಎಂಬ ಫೋಲ್ಡರಿಗೆ ಸಾಗಿಸಿದ್ದೀರಿ. ಏನೇ ಬಂದರೂ ಅದರ ಮುಂದೆ "ಹೊಸ/" ಸೇರಿಸು ಎಂದು ಫೋಲ್ಡರಿನ ಕಡತದಲ್ಲಿ ಬರೆಯುತ್ತೀರಿ. ಜೊತೆಗೆ 'ಎಲ್' ಎಂಬ ಗುರುತು. ಇದೇ ಕೊನೆಯ ನಿಯಮ, ಮುಂದೆ ನೋಡಬೇಡ ಎಂದು ಅದರ ಅರ್ಥ. "ಹಾಸನ" ಎಂದು ಬಂದದ್ದು "ಹೊಸ/ಹಾಸನ" ಆಯಿತು. ಮುಗಿಯಿತಲ್ಲ? ಇಲ್ಲ. 'ಎಲ್' ಹೇಳಿದ್ದು ಈ ಸುತ್ತಿಗೆ ಮಾತ್ರ. ವಿಳಾಸ ಬದಲಾಯಿತು ಅಂದಮೇಲೆ ಸರ್ವರ್ ಅದನ್ನು ಹೊಸದಾಗಿ ಬಂದ ಕೋರಿಕೆಯ ಹಾಗೆ ಮತ್ತೆ ಮೊದಲಿನಿಂದ ಹಾದಿಗೆ ಹಚ್ಚುತ್ತದೆ. ಅದೇ ಕಡತ, ಅದೇ ನಿಯಮ. ಈಗ "ಹೊಸ/ಹೊಸ/ಹಾಸನ". ಮತ್ತೆ "ಹೊಸ/ಹೊಸ/ಹೊಸ/ಹಾಸನ". ಹತ್ತು ಸಲ ಹೀಗೆ ಸುತ್ತಿದ ಮೇಲೆ ಅಪಾಚೆ ಸುಸ್ತಾಗಿ 500 ಎಂದು ಕೈಚೆಲ್ಲಿ, ಮಿತಿ ಮೀರಿತು ಎಂದು ಲಾಗ್ ಎಂಬ ತನ್ನ ದಿನಚರಿಯಲ್ಲಿ ಬರೆದಿಡುತ್ತದೆ. ಇಗೊರ್ ಸಿಸೊಯೆವ್ ಬರೆದ ಎನ್‌ಜಿನ್‌ಎಕ್ಸ್ ಸರ್ವರ್‌ನಲ್ಲಿ ನಿಯಮದ ಭಾಷೆ ಬೇರೆ, ಆದರೆ ತಾಳ್ಮೆಯ ಮಿತಿ ಅಲ್ಲೂ ಹತ್ತೇ. ಅಪಾಚೆಯಲ್ಲಿ ಆಮೇಲೆ 'ಎಂಡ್' ಎಂಬ ಗುರುತು ಬಂತು. ಅದರ ಮಾತು ನಿಜವಾಗಿಯೂ ಕೊನೆಯ ಮಾತು.

ಇದು ಒಳಗಿನ ಸುತ್ತು. ಹೊರಗಿನ ಸುತ್ತು ಇನ್ನೂ ಮಜಾ. ನಾನು ನೋಡಿದ ಒಂದು ಕಂಪನಿಯಲ್ಲಿ, ಬೀಗ ಹಾಕಿದ ಎಚ್‌ಟಿಟಿಪಿಎಸ್ ಹಾದಿಯಲ್ಲಿ ಬರದವರನ್ನೆಲ್ಲ ಅಲ್ಲಿಗೇ ಕಳಿಸು ಎಂದು ನಿಯಮ. ಸರಿಯಾದದ್ದೇ. ಆದರೆ ಸರ್ವರ್ ಎದುರಿಗೆ ದ್ವಾರಪಾಲಕನಂತೆ ಒಂದು ಪ್ರಾಕ್ಸಿ ಇತ್ತು. ಬೀಗವನ್ನು ಅದೇ ತೆಗೆದು, ಒಳಗಿನ ಸರ್ವರ್‌ಗೆ ಸಾದಾ ಎಚ್‌ಟಿಟಿಪಿಯಲ್ಲಿ ದಾಟಿಸುತ್ತಿತ್ತು. ನಿಯಮದ ಕಣ್ಣಿಗೆ ಪ್ರತಿಯೊಬ್ಬರೂ ಬೀಗವಿಲ್ಲದೆ ಬಂದವರೇ. "ಎಚ್‌ಟಿಟಿಪಿಎಸ್‌ನಲ್ಲಿ ಬನ್ನಿ." ಬಂದೆವು. "ಎಚ್‌ಟಿಟಿಪಿಎಸ್‌ನಲ್ಲಿ ಬನ್ನಿ." ಅಯ್ಯೋ, ಬಂದೆವಲ್ಲ! ಇಪ್ಪತ್ತರ ಆಸುಪಾಸು ಸಲ ಓಡಾಡಿದ ಮೇಲೆ ಬ್ರೌಸರ್ ಕೈಬಿಟ್ಟಿತು. ಮೂವರು ಎಂಜಿನಿಯರುಗಳು ಮಧ್ಯಾಹ್ನವಿಡೀ ನಿಯಮವನ್ನು ತಿದ್ದಿದರು. ತಿದ್ದಬೇಕಾದದ್ದು ನಿಯಮ ಯಾವುದನ್ನು ನೋಡಬೇಕು ಎಂಬುದನ್ನು: ಮೂಲದಲ್ಲಿ ಯಾವ ಹಾದಿಯಿಂದ ಬಂದರು ಎಂದು ಪ್ರಾಕ್ಸಿ ಒಂದು ಚೀಟಿ ಅಂಟಿಸಿ ಕಳಿಸುತ್ತಿತ್ತು, ಅದನ್ನು ಯಾರೂ ಓದಿರಲಿಲ್ಲ.

*

ಗೆಳೆಯನ ಹತ್ತಿರ ವಾಪಸು. ಹನ್ನೊಂದು ಗಂಟೆ. ಇನ್ನು ಊಹೆ ಸಾಕು, ಸರ್ವರ್‌ನ ದಿನಚರಿಯನ್ನೇ ಓದೋಣ ಅಂದೆ. ಅವನ ಹಳೆಯ ಪುಸ್ತಕದಲ್ಲಿ 'ರೀರೈಟ್‌ಲಾಗ್' ಎಂಬ ಆಜ್ಞೆ ಇತ್ತು. ಹಾಕಿದ, ಸರ್ವರ್ ಏಳಲೇ ಇಲ್ಲ. 2012ರಲ್ಲಿ ಬಂದ ಅಪಾಚೆ 2.4 ಆ ಆಜ್ಞೆಯನ್ನು ಕಿತ್ತುಹಾಕಿ, ಸಾಮಾನ್ಯ ಲಾಗ್‌ನೊಳಗೇ ರೀರೈಟ್‌ಗೆ ಎಂಟು ಹಂತದ ಟ್ರೇಸ್ ಕೊಟ್ಟಿದೆ. ಮೂರನೇ ಹಂತಕ್ಕೆ ಏರಿಸಿದರೆ ಯಾವ ನಿಯಮವನ್ನು ಯಾವ ಪಠ್ಯದ ಮೇಲೆ ಹಚ್ಚಿ ನೋಡಿತು ಎಂದು ಒಂದೊಂದೇ ಸಾಲು ಬರೆಯುತ್ತದೆ. ಇದನ್ನು ಫೋಲ್ಡರಿನ ಕಡತದಿಂದ ಮಾಡಲಾಗದು, ಮುಖ್ಯ ಕಡತವೇ ಬೇಕು. ಕೆಲಸ ಮುಗಿದೊಡನೆ ಇಳಿಸಲೂ ಬೇಕು, ಇಲ್ಲದಿದ್ದರೆ ಸರ್ವರ್ ಬರೆಯುವುದರಲ್ಲೇ ದಣಿಯುತ್ತದೆ.

ಹಾಸನ ತೆರೆದೆವು, ಮೈಸೂರು ತೆರೆದೆವು. ಲಾಗ್‌ನಲ್ಲಿ ಎರಡು ಸಾಲು. ಅವುಗಳಲ್ಲಿ ಹಾಸನವೂ ಇಲ್ಲ, ಮೈಸೂರೂ ಇಲ್ಲ. ಇದ್ದದ್ದು ಬರೀ ಸಂಖ್ಯೆಗಳ ಮೆರವಣಿಗೆ.

ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟದ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದವರಿಗೆ ಇದರ ಪರಿಚಯವಿದೆ. ಪುಟ್ಟ ಕನ್ನಡ ಹೆಸರು ಶೇಕಡಾ ಚಿಹ್ನೆಗಳ ಗಜಗಾತ್ರದ ಸರಪಳಿಯಾಗಿ ಹಿಗ್ಗುತ್ತದೆ. ಕಂಪ್ಯೂಟರ್ ಪಠ್ಯವನ್ನು ಬೈಟುಗಳಲ್ಲಿ ಇಡುತ್ತದೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೆ ಮೂರು ಬೈಟು ಬೇಕು, ಕೊಂಬು, ದೀರ್ಘ, ಸೊನ್ನೆಗಳಿಗೂ ಪ್ರತ್ಯೇಕ ಮೂರು ಮೂರು. ಕ ಅಂದರೆ 224, 178, 149. ವಿಳಾಸದಲ್ಲಿ ಕಳಿಸುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಸಂಕೇತಗಳಾಗುತ್ತದೆ. "ಮೈಸೂರು" ಎಂಬುದರಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ. ಒಟ್ಟು 18 ಬೈಟು, ವಿಳಾಸದಲ್ಲಿ 54 ಸಂಕೇತ. ಸರ್ವರ್ ಇದನ್ನು ಬಿಡಿಸಿ ಮತ್ತೆ 18 ಬೈಟು ಮಾಡಿ ನಿಯಮದ ಮುಂದೆ ಇಡುತ್ತದೆ.

ಈಗ ನಿಜವಾದ ಪ್ರಶ್ನೆ. ಆ 18 ಬೈಟನ್ನು ನಿಯಮ ಆರು ಕನ್ನಡ ಸಂಕೇತಗಳಾಗಿ ನೋಡುತ್ತದೆಯೋ, 18 ಬಿಡಿ ಸಂಖ್ಯೆಗಳಾಗಿಯೋ? ಅಪಾಚೆ ರೆಜೆಕ್ಸ್ ಕೆಲಸವನ್ನು ಪಿಸಿಆರ್‌ಇ ಎಂಬ ಲೈಬ್ರರಿಗೆ ವಹಿಸಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಫಿಲಿಪ್ ಹೇಜಲ್ 1997ರಲ್ಲಿ ಬರೆಯಲು ತೊಡಗಿದ್ದು. ಅದಕ್ಕೆ ಯುಟಿಎಫ್-8 ಓದಲು ಬರುತ್ತದೆ, ಆದರೆ ಓದು ಎಂದು ಹೇಳಬೇಕು. ಅಪಾಚೆ ತಾನಾಗಿ ಹಾಗೆ ಹೇಳುವುದಿಲ್ಲ. ಆದ್ದರಿಂದ ನಿಯಮಕ್ಕೆ ಕನ್ನಡ ಗೊತ್ತಿಲ್ಲ. ಅದರ ಪಾಲಿಗೆ ಒಂದು ಬೈಟು ಅಂದರೆ ಒಂದು ಅಕ್ಷರ.

ಈ ಕಣ್ಣಿನಿಂದ ಗೆಳೆಯನ [ಅ-ಹ] ನೋಡಿ. ಲಾಗ್ ಹದಿನಾರರ ಎಣಿಕೆಯಲ್ಲಿ ಬರೆದದ್ದನ್ನು ನಮ್ಮ ಹತ್ತರ ಎಣಿಕೆಗೆ ತರುತ್ತೇನೆ. ಅ ಅಂದರೆ 224, 178, 133. ಹ ಅಂದರೆ 224, 178, 185. ಅವುಗಳ ನಡುವೆ ಒಂದು ಅಡ್ಡಗೆರೆ. ನಿಯಮ ಓದಿಕೊಂಡದ್ದು ಹೀಗೆ: 224 ಇರಬಹುದು, 178 ಇರಬಹುದು, 133ರಿಂದ 224ರವರೆಗಿನ ಯಾವುದಾದರೂ ಇರಬಹುದು, 178 ಇರಬಹುದು, 185 ಇರಬಹುದು. ಅಡ್ಡಗೆರೆ ಅ ಮತ್ತು ಹ ಅಕ್ಷರಗಳನ್ನು ಜೋಡಿಸಲಿಲ್ಲ. ಅ ಅಕ್ಷರದ ಬಾಲವನ್ನೂ ಹ ಅಕ್ಷರದ ತಲೆಯನ್ನೂ ಜೋಡಿಸಿತು. ಒಟ್ಟಿನಲ್ಲಿ 133ರಿಂದ 224ರ ಒಳಗಿನ ಬೈಟು ಮಾತ್ರ ಒಳಗೆ, ಮಿಕ್ಕವು ಹೊರಗೆ.

ಕನ್ನಡದ ವ್ಯಂಜನಗಳ ಮೂರೂ ಬೈಟು ಈ ಜರಡಿಯಲ್ಲಿ ನಿಲ್ಲುತ್ತವೆ. ಆ-ಕಾರದ ಇಳಿಯೂ ಗುಡಿಸೂ ನಿಲ್ಲುತ್ತವೆ. ಏತ್ವ, ಓತ್ವ, ಒತ್ತಕ್ಷರ ತರುವ ವಿರಾಮ ಚಿಹ್ನೆ, ಎಲ್ಲವೂ ಸರಿ. ಆದ್ದರಿಂದ ಹಾಸನ, ಹಾವೇರಿ, ಕೊಪ್ಪಳ, ಶಿವಮೊಗ್ಗ, ಬಾಗಲಕೋಟೆ ಸಲೀಸಾಗಿ ತೆರೆದವು. ಸೋರಿಹೋದದ್ದು ಕೆಲವೇ ಚಿಹ್ನೆಗಳು. ಈ-ಕಾರದ ದೀರ್ಘದ ಕೊನೆಯ ಬೈಟು 128, ಬೀದರ್ ಹೋಯಿತು. ಉ-ಕಾರದ ಕೊಂಬು 129. ಕಲಬುರಗಿ, ಕೊಡಗು, ಉಡುಪಿ, ಚಿತ್ರದುರ್ಗ ಹೋದವು. ಊ-ಕಾರ 130. ಅನುಸ್ವಾರವೂ 130; ಮಂಡ್ಯ ಹೋಯಿತು. ಪುರ ಎಂದು ಮುಗಿಯುವವೆಲ್ಲ ಕೊಂಬಿಗೆ ಸಿಕ್ಕಿ ಬಿದ್ದವು, ನಗರ ಎಂದು ಮುಗಿಯುವವು ಪಾರಾದವು. ಊರು ಎಂದು ಮುಗಿಯುವವುಗಳಲ್ಲಿ ಊ-ಕಾರ ಒಂದು, ಉ-ಕಾರ ಒಂದು, ಎರಡೆರಡು ಪಾಪ. ಮೈಸೂರು, ತುಮಕೂರು, ರಾಯಚೂರು, ಚಿಕ್ಕಮಗಳೂರು. ಬೆಂಗಳೂರಿಗೆ ಇವುಗಳ ಜೊತೆಗೆ ಸೊನ್ನೆಯೂ.

"ಅಂದ್ರೆ ಊರು ಅಂತ ಇರೋ ಊರೆಲ್ಲಾ ಔಟಾ?" ಅಂದ ಗೆಳೆಯ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹನ್ನೆರಡು ಗಂಟೆ ರಾತ್ರಿಯಲ್ಲಿ ಅವನ ಹೆಂಡತಿ ಎದ್ದು ಬಂದು ಏನಾಯಿತೆಂದು ಕೇಳಿದರಂತೆ.

ಪರಿಹಾರ ಕೆಲವೇ ಚಿಹ್ನೆಗಳ ಕೆಲಸ. [ಅ-ಹ] ತೆಗೆದು [^/] ಎಂದು ಬರೆಸಿದೆ. ಚೌಕ ಕಂಸದೊಳಗೆ ಮೊದಲು ಬಂದ ^ ಚಿಹ್ನೆ 'ಅಲ್ಲದ' ಎಂಬ ಅರ್ಥ ಕೊಡುತ್ತದೆ. ಓರೆಗೆರೆ ಅಲ್ಲದ ಯಾವ ಬೈಟಾದರೂ ಸರಿ. ಜಿಲ್ಲೆಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಅಡ್ಡಗೆರೆ ಇರುವ "ದಕ್ಷಿಣ-ಕನ್ನಡ", "ಉತ್ತರ-ಕನ್ನಡ" ಕೂಡ.

ಆದರೆ ಇಲ್ಲಿ ಒಂದು ಅನುಮಾನ ಬರಬೇಕು. ನಿಯಮ ಇನ್ನೂ ಕನ್ನಡವನ್ನು ಬೈಟು ಬೈಟಾಗಿಯೇ ನೋಡುತ್ತಿದೆ. ಓರೆಗೆರೆಯ ಬೈಟು 47. ಕನ್ನಡದ ಯಾವುದೋ ಅಕ್ಷರದ ಮೂರು ಬೈಟುಗಳಲ್ಲಿ ಒಂದು 47 ಆಗಿಬಿಟ್ಟರೆ? ಆ ಅಕ್ಷರ ಬಂದ ಕಡೆ ನಿಯಮ ಅದನ್ನು ಓರೆಗೆರೆ ಎಂದು ತಿಳಿದು ಹೆಸರನ್ನು ತುಂಡರಿಸುತ್ತಿತ್ತು. ಹಾಗೆ ಎಂದೂ ಆಗುವುದಿಲ್ಲ, ಅದಕ್ಕೆ ಕಾರಣವಾದವರು ಮತ್ತೆ ಕೆನ್ ಥಾಂಪ್ಸನ್. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅವರು ಯುಟಿಎಫ್-8ರ ಲೆಕ್ಕ ಹಾಕಿದರು. ಎದುರಿಗೆ ರಾಬ್ ಪೈಕ್ ಇದ್ದರು. ಆಗ ಚರ್ಚೆಯಲ್ಲಿದ್ದ ಹೆಸರೇ 'ಫೈಲ್ ಸಿಸ್ಟಂ ಸೇಫ್', ಕಡತವ್ಯವಸ್ಥೆಗೆ ಅಪಾಯ ಮಾಡದ್ದು ಎಂದು. ಕಡತದ ದಾರಿಯಲ್ಲಿ ಓರೆಗೆರೆಗೆ ವಿಶೇಷ ಅರ್ಥವಿದೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬೈಟಿನ ಅಕ್ಷರದಲ್ಲಿ ಪ್ರತಿ ಬೈಟೂ 128 ಅಥವಾ ಅದಕ್ಕಿಂತ ಹೆಚ್ಚೇ ಇರಬೇಕು ಎಂದು ಕಟ್ಟಿದರು. 47 ಎಲ್ಲೇ ಕಂಡರೂ ಅದು ಓರೆಗೆರೆಯೇ. ಗೆಳೆಯನ ಹಳೆಯ ಸಾಲಿನಲ್ಲಿ ಥಾಂಪ್ಸನ್ನರ ಎರಡು ಕೂಸುಗಳು, 1968ರದ್ದೂ 1992ರದ್ದೂ, ಒಂದನ್ನೊಂದು ಗುರುತಿಸದೆ ಡಿಕ್ಕಿ ಹೊಡೆದಿದ್ದವು. ಹೊಸ ಸಾಲಿನಲ್ಲೂ ಗುರುತಿಸುವುದಿಲ್ಲ, ಆದರೆ ದಾರಿ ಬಿಟ್ಟುಕೊಂಡು ಓಡಾಡುತ್ತವೆ.

*

ಒಂದು ವಾರದ ಮೇಲೆ ಮತ್ತೆ ಫೋನು. "ಬೀದರ್ ಒಂದು ಕಾಟ ಕೊಡ್ತಿದೆ ಕಣೋ. ನನ್ನ ಕಂಪ್ಯೂಟರಲ್ಲಿ ಟೈಪ್ ಮಾಡಿದ್ರೆ ತೆರೆಯತ್ತೆ, ಮಗಳ ಫೋನಲ್ಲಿ ಟೈಪ್ ಮಾಡಿದ್ರೆ ತೆರೆಯಲ್ಲ. ಅಕ್ಷರ ಅಕ್ಷರ ಹೋಲಿಸಿ ನೋಡಿದೀನಿ, ಒಂದೇ."

ಈ ಸಲ ನಾನು ಊಹಿಸುವ ಗೋಜಿಗೆ ಹೋಗಲಿಲ್ಲ. ಟ್ರೇಸ್ ಏರಿಸಿ, ಎರಡೂ ಕಡೆಯಿಂದ ಒಂದೊಂದು ಸಲ ತೆರೆಸಿದೆ. ನಿಯಮ ಎರಡನ್ನೂ ಒಪ್ಪಿ ದಾಟಿಸಿತ್ತು. ದಾಟಿಸಿದ ಹೆಸರನ್ನು ಮುಂದಿನ ಪ್ರೋಗ್ರಾಮ್ ಗುರುತಿಸಿರಲಿಲ್ಲ. ಸಾಲುಗಳನ್ನು ಒಂದರ ಕೆಳಗೊಂದು ಇಟ್ಟೆ. ಕನ್ನಡದ ಪ್ರತಿ ಅಕ್ಷರವೂ 224ರಿಂದ ಶುರುವಾಗುತ್ತದೆ, ಸಾಲಿನುದ್ದಕ್ಕೂ ಮೂರು ಮೂರಕ್ಕೆ ಒಂದು 224. ಮಗಳ ಫೋನಿನಿಂದ ಬಂದದ್ದರಲ್ಲಿ ಮಾತ್ರ ಕೊನೆಯ ಮೂರು ಬೈಟು 226, 128, 140. ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ.

ಅದು ಕಣ್ಣಿಗೆ ಕಾಣದ ಅಕ್ಷರ. ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಅಗಲ ಸೊನ್ನೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ ಅಕ್ಷರದ ಕೆಳಗೆ ಕ ಒತ್ತಾಗಿ ಇಳಿಯದಂತೆ ತಡೆಯುವುದು ಅದೇ, ನಮಗೆ ದಿನವೂ ಬೇಕಾದದ್ದು. ಕೆಲವು ಕೀಬೋರ್ಡುಗಳು ಅರ್ಧಾಕ್ಷರದಲ್ಲಿ ಮುಗಿಯುವ ಪದದ ಬಾಲಕ್ಕೂ ಅದನ್ನು ಅಂಟಿಸಿಬಿಡುತ್ತವೆ. ಅಲ್ಲಿ ತಡೆಯಲು ಏನೂ ಇಲ್ಲ, ಆದ್ದರಿಂದ ಕಾಣುವುದೂ ಇಲ್ಲ. ಪರದೆಯ ಮೇಲೆ ಎರಡೂ ಬೀದರೇ. ಬೈಟಿನ ಲೆಕ್ಕದಲ್ಲಿ ಒಂದು 15, ಇನ್ನೊಂದು 18.

ಹೊಸ ನಿಯಮವೊಂದನ್ನು ಮೊದಲಿನದಕ್ಕಿಂತ ಮೇಲೆ ಸೇರಿಸಿದೆವು: ಹೆಸರಿನ ಕೊನೆಯಲ್ಲಿ ಆ ಮೂರು ಬೈಟು ಇದ್ದರೆ ಕತ್ತರಿಸಿ, ಕತ್ತರಿಸಿದ ವಿಳಾಸಕ್ಕೆ ರೀಡೈರೆಕ್ಟ್ ಮಾಡು. "301 ಹಾಕ್ಲಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ತಾನೇ ಸರಿಮಾಡಿಕೊಂಡ, "ಬೇಡ ಬೇಡ, ಒಂದು ವಾರ 302 ಇರ್ಲಿ."